‘ಪತ್ತೆಯಾಗಿಲ್ಲ’ ಎಂಬ ವರದಿಯನ್ನು ಓದುವ ಬಗೆ

ನೀರಿನ ಪರೀಕ್ಷಾ ವರದಿಗಳಿಗೆ ಸಹಿ ಹಾಕುವ ಕೆಲಸದಲ್ಲಿರುವ ನನ್ನ ಮುಂದೆ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು, ‘ಇವುಗಳಲ್ಲಿ ಸುಳ್ಳು ಯಾವುದು?’ ಎಂದು ಕೇಳುವವರು ಆಗಾಗ ಬರುತ್ತಾರೆ. ನೀರು ಒಂದೇ, ಆದರೆ ಒಂದು ವರದಿಯಲ್ಲಿ ಆರ್ಸೆನಿಕ್ ಎಂಬ ವಿಷಕಾರಿ ಧಾತು ‘ಪತ್ತೆಯಾಗಿಲ್ಲ’ ಎಂದಿದ್ದರೆ, ಇನ್ನೊಂದರಲ್ಲಿ ಲೀಟರಿಗೆ 3 ಮೈಕ್ರೋಗ್ರಾಂ ಎಂದಿರುತ್ತದೆ. ಎರಡೂ ನಿಜವಾಗಿರಬಲ್ಲವು. ಮೊದಲ ಪ್ರಯೋಗಾಲಯದ ಉಪಕರಣ 5 ಮೈಕ್ರೋಗ್ರಾಂಗಿಂತ ಕಡಿಮೆ ಇರುವುದನ್ನು ಗುರುತಿಸಲಾರದ್ದಾಗಿದ್ದರೆ, ಅದು ಬೇರೇನನ್ನೂ ಹೇಳುವಂತಿಲ್ಲ.

ಈ ಮಿತಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಅತಿ ಶುದ್ಧ ನೀರನ್ನೇ ಉಪಕರಣಕ್ಕೆ ಕೊಟ್ಟರೂ ಪರದೆಯ ಮೇಲಿನ ಗೆರೆ ನೇರವಾಗಿ ನಿಲ್ಲದೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ನಾವು ‘ಬ್ಲ್ಯಾಂಕ್’ ಎನ್ನುವ ಈ ಮಾದರಿಯನ್ನು ಮತ್ತೆ ಮತ್ತೆ ಅಳೆದು, ಆ ನಡುಕದ ಏರಿಳಿತವನ್ನು ಲೆಕ್ಕಹಾಕಿ, ಸಾಮಾನ್ಯವಾಗಿ ಅದರ ಮೂರು ಪಟ್ಟನ್ನು ಮೀರಿದ ಸಂಕೇತವನ್ನಷ್ಟೇ ವಸ್ತುವಿನ ಇರುವಿಕೆಯೆಂದು ಒಪ್ಪುತ್ತೇವೆ. ಅದಕ್ಕಿಂತ ಕೆಳಗಿರುವುದನ್ನು ಸೊನ್ನೆ ಎಂದು ಬರೆಯುವ ಅಧಿಕಾರ ನಮಗಿಲ್ಲ. ಆದ್ದರಿಂದ ‘ಪತ್ತೆಯಾಗಿಲ್ಲ’ ಎಂಬುದರ ಪಕ್ಕದಲ್ಲಿ ಪತ್ತೆ ಮಿತಿಯೂ ಇರಬೇಕು. ಅದಿಲ್ಲದ ವರದಿಯನ್ನು ನಾನಾದರೆ ಹಿಂತಿರುಗಿಸುತ್ತೇನೆ.

‘ಪತ್ತೆಯಾಗಿದೆ’ ಎಂಬುದನ್ನು ‘ಅಪಾಯವಿದೆ’ ಎಂದು ಓದುವುದು ಇದಕ್ಕೆ ಎದುರು ದಿಕ್ಕಿನ ತಪ್ಪು. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ‘ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್’ ಎಂಬ ಅತಿ ಸೂಕ್ಷ್ಮ ಪತ್ತೆ ಸಾಧನ ಬಳಕೆಗೆ ಬಂದ ಮೇಲೆ, ಡಿಡಿಟಿಯಂತಹ ಕೀಟನಾಶಕಗಳ ಅತ್ಯಲ್ಪ ಶೇಷವೂ ಕಾಣತೊಡಗಿತು. ಇಂದಿನ ಕೆಲವು ಉಪಕರಣಗಳು ಲೀಟರ್ ನೀರಿನಲ್ಲಿ ಒಂದು ನ್ಯಾನೋಗ್ರಾಂ, ಅಂದರೆ ಲಕ್ಷ ಕೋಟಿಯಲ್ಲಿ ಒಂದು ಭಾಗ ಇದ್ದರೂ ಹಿಡಿಯುತ್ತವೆ. ಇಷ್ಟು ಸೂಕ್ಷ್ಮವಾಗಿ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಎಷ್ಟಿದೆ, ದಿನಕ್ಕೆ ಎಷ್ಟು ದೇಹ ಸೇರುತ್ತದೆ, ಎಷ್ಟು ವರ್ಷ ಸೇರುತ್ತದೆ ಎಂದು ಕೇಳದೆ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಸುರಕ್ಷತೆಯ ಮಿತಿಗಳನ್ನೂ ಮನುಷ್ಯರೇ ನಿರ್ಧರಿಸಿರುತ್ತಾರೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 50 ಮೈಕ್ರೋಗ್ರಾಂ ಮೀರಬಾರದು ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ, 1993ರಲ್ಲಿ ಅದನ್ನು 10ಕ್ಕೆ ಇಳಿಸಿತು. ಈ ಅಂಕಿಯನ್ನೂ ಅದು ‘ತಾತ್ಕಾಲಿಕ’ ಎಂದೇ ಕರೆದಿದೆ. ನೀರಿನಿಂದ ಆರ್ಸೆನಿಕ್ ತೆಗೆಯುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬ ಲೆಕ್ಕವೂ ಅದರಲ್ಲಿ ಸೇರಿದೆ. ಹಾಗಿರುವಾಗ 9 ಬಂದರೆ ಅಮೃತ, 11 ಬಂದರೆ ವಿಷ ಎಂದು ಓದುವಂತಿಲ್ಲ. ಫಲಿತಾಂಶದ ಪಕ್ಕದಲ್ಲಿ ‘± 2’, ಅಂದರೆ ಅಳತೆ ಎರಡರಷ್ಟು ಹೆಚ್ಚುಕಡಿಮೆ ಇರಬಹುದು ಎಂದಿದ್ದರಂತೂ, ಆ 9 ಮತ್ತು 11 ಒಂದೇ ಬಾಟಲಿಯ ನೀರಿನ ಎರಡು ಅಳತೆಗಳಾಗಿರಲೂಬಹುದು.