ಮಾಂಡಲಿಕರು ಸ್ವಂತ ಸಿಂಹಾಸನ ಕೇಳಿದಾಗ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪ್ರತಿ ಬೇಸಿಗೆಯಲ್ಲೂ ಮಧ್ಯಯುಗದ ವೇಷ ತೊಟ್ಟ ಹವ್ಯಾಸಿಗಳ ‘ಪೆನ್ಸಿಕ್’ ಎಂಬ ಆಟದ ಯುದ್ಧ ನಡೆಯುತ್ತದೆ. 1972ರಲ್ಲಿ ಶುರುವಾಗಿದ್ದು. ಒಂದು ಕಡೆ ಈಸ್ಟ್ ರಾಜ್ಯ, ಎದುರಿಗೆ ಮಿಡ್ಲ್ ರಾಜ್ಯ. ಕತ್ತಿ ಬೆತ್ತದ್ದು, ತಲೆಯ ಮೇಲಿನ ಶಿರಸ್ತ್ರಾಣ ಮಾತ್ರ ಅಸಲಿ ಉಕ್ಕಿನದು. ಸೋತವರು ಪಿಟ್ಸ್‌ಬರ್ಗ್ ನಗರವನ್ನು ತಲೆಗೆ ಕಟ್ಟಿಕೊಳ್ಳಬೇಕು ಅನ್ನುವುದು ಅಲ್ಲಿನ ಹಳೇ ತಮಾಷೆ. ಆ ಊರಿನ ಶಾಖೆಯ ಹೆಸರೇ ‘ಡಿಬೇಟಬಲ್ ಲ್ಯಾಂಡ್ಸ್’, ಅಂದರೆ ತಕರಾರಿನ ಜಾಗ. 1997ರಲ್ಲಿ ಇಬ್ಬರಿಗೂ ಪಿಟ್ಸ್‌ಬರ್ಗ್ ದಕ್ಕಲಿಲ್ಲ. ಅದರ ಸುತ್ತಲಿನ ಸೀಮೆ ಈಸ್ಟ್‌ನಿಂದ ಬೇರೆಯಾಗಿ ‘ಎಥೆಲ್‌ಮಾರ್ಕ್’ ಎಂಬ ಸ್ವತಂತ್ರ ರಾಜ್ಯವಾಯಿತು. ಯುದ್ಧದ ಮೈದಾನವೂ ಅದರ ಪಾಲಿಗೇ ಹೋಯಿತು. ಒಂದೇ ಒಂದು ಕತ್ತಿ ಬೀಸದೆ, ಬರೀ ಕಾಗದಪತ್ರದ ಮೂಲಕ!

ಇದೆಲ್ಲ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೋನಿಸಂ’ ಸಂಸ್ಥೆಯ ಲೋಕ. ಚಿಕ್ಕದಾಗಿ ಎಸ್‌ಸಿಎ. ಯುರೋಪಿನ ಮಧ್ಯಯುಗವನ್ನು ಉಡುಗೆ, ಅಡುಗೆ, ಕಾಳಗ, ಕಸುಬುಗಳಲ್ಲಿ ಮತ್ತೆ ಬದುಕಿ ನೋಡುವ ಹವ್ಯಾಸಿಗಳ ಸಂಘ. ಹುಟ್ಟಿದ್ದು 1966ರ ಮೇ 1ರಂದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಲೇಖಕಿ ಡಯಾನಾ ಪ್ಯಾಕ್ಸನ್ ಅವರ ಹಿತ್ತಿಲಿನಲ್ಲಿ. ಆ ಮೊದಲ ಗುಂಪು ‘ವೆಸ್ಟ್’ ರಾಜ್ಯವಾಯಿತು. 1968ರಲ್ಲಿ ನ್ಯೂಯಾರ್ಕ್ ಕಡೆಯವರು ಈಸ್ಟ್ ಕಟ್ಟಿದರು, ಮರುವರ್ಷ ಶಿಕಾಗೋ ಕಡೆಯವರು ಮಿಡ್ಲ್ ಕಟ್ಟಿದರು. ಇವರು ಯಾವ ಮೆಟ್ಟಿಲನ್ನೂ ಹತ್ತಲಿಲ್ಲ, ಸೀದಾ ರಾಜ್ಯಗಳಾಗಿಬಿಟ್ಟರು. ಮೆಟ್ಟಿಲು ಕಟ್ಟಿದ್ದು ಆಮೇಲೆ, ಹತ್ತಬೇಕಾದವರು ಹಿಂದೆ ಬಂದವರು.

ಕೆಳಗೆ ಶೈರ್ ಎಂಬ ಸ್ಥಳೀಯ ಶಾಖೆ, ಅದರ ಮೇಲೆ ಬ್ಯಾರನಿ ಎಂಬ ದೊಡ್ಡ ಶಾಖೆ, ಆಮೇಲೆ ಪ್ರಿನ್ಸಿಪಾಲಿಟಿ ಎಂಬ ಮಾಂಡಲಿಕ ಪ್ರಾಂತ್ಯ, ತುದಿಯಲ್ಲಿ ಕಿಂಗ್‌ಡಮ್, ಅಂದರೆ ಸ್ವತಂತ್ರ ರಾಜ್ಯ. ಬ್ಯಾರನಿಗೆ ಕನಿಷ್ಠ 25 ಸದಸ್ಯರು ಬೇಕು, ಪ್ರಿನ್ಸಿಪಾಲಿಟಿಗೆ 100, ಕಿಂಗ್‌ಡಮ್‌ಗೆ 400. ತಲೆ ಎಣಿಸಿದರೆ ಮುಗಿಯುವುದಿಲ್ಲ. ಹೆಸರು ಮತ್ತು ಲಾಂಛನ ನೋಂದಣಿಯಾಗಬೇಕು. ಲಾಂಛನದಲ್ಲಿ ಲಾರೆಲ್ ಎಲೆಯ ಮಾಲೆ ಇರಲೇಬೇಕು, ಅದು ಶಾಖೆಗಳಿಗೆ ಮೀಸಲು, ವ್ಯಕ್ತಿಗಳು ಹಾಕಿಕೊಳ್ಳುವಂತಿಲ್ಲ. ಈಗಾಗಲೇ ಇರುವ ಲಾಂಛನವನ್ನು ಹೋಲುತ್ತದೆ ಅನಿಸಿದರೆ ವಾಪಸ್ ಬರುತ್ತದೆ. ಸದಸ್ಯರ ಅಭಿಪ್ರಾಯ ಪಡೆಯಬೇಕು, ಕೊನೆಗೆ ನಿರ್ದೇಶಕ ಮಂಡಳಿ ಒಪ್ಪಬೇಕು. ರಾಜ ಪಟ್ಟಕ್ಕೇರುವುದು ತೋಳ್ಬಲದಿಂದ, ಕಾಳಗದ ಪಂದ್ಯ ಗೆದ್ದು. ರಾಜ್ಯ ಹುಟ್ಟುವುದು ಮಾತ್ರ ಕಡತದಿಂದ.

ಇಷ್ಟೆಲ್ಲ ಯಾಕೆ ಒದ್ದಾಡಬೇಕು? ಹೊರಗಿನವರಿಗೆ ಬರೀ ಪದವಿಯ ಆಸೆ ಅನಿಸಬಹುದು. ನನಗೆ ಕಾಣುವ ಅಸಲಿ ಕಾರಣ ದೂರ. ಕಾಳಗಕ್ಕೆ ‘ಶಿವಲ್ರಿ’, ಕಲೆ-ಕಸುಬಿಗೆ ‘ಲಾರೆಲ್’, ಸೇವೆಗೆ ‘ಪೆಲಿಕನ್’ ಎಂಬ ದೊಡ್ಡ ಗೌರವಗಳಿವೆ. ಅವನ್ನು ಕೊಡುವ ಅಧಿಕಾರ ಕಿಂಗ್‌ಡಮ್‌ನ ರಾಜ-ರಾಣಿಯರಿಗೆ ಮಾತ್ರ. ಮಾಂಡಲಿಕರು ಸಣ್ಣಪುಟ್ಟ ಗೌರವ ಕೊಡಬಹುದು, ಅಷ್ಟೇ. ರಾಜನ ಅವಧಿ ಹೆಚ್ಚಿನ ಕಡೆ ಆರು ತಿಂಗಳು. ಅಷ್ಟರಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಒಬ್ಬಾಕೆ ಕೈಯಲ್ಲೇ ನೂಲು ತೆಗೆದು, ಬಣ್ಣ ಹಾಕಿ, ನೇಯ್ದ ಬಟ್ಟೆ ಅವನ ಕಣ್ಣಿಗೆ ಬೀಳುವುದಾದರೂ ಹೇಗೆ? ಯಾರಿಗೆ ಕೊಡಬೇಕೆಂದು ಸಲಹೆ ಮಾಡುವವರು ಈಗಾಗಲೇ ಆ ಗೌರವ ಪಡೆದವರು. ದೂರದ ಊರಲ್ಲಿ ಅಂಥವರೇ ಕಡಿಮೆ, ಹಾಗಾಗಿ ಹೆಸರು ಹೇಳುವವರೂ ಕಡಿಮೆ.

ಇದರ ಬಿಸಿ ಹೆಚ್ಚು ತಟ್ಟಿದ್ದು ‘ಲೊಕ್ಯಾಕ್’ಗೆ, ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ. ಅದರ ಆಸ್ಟ್ರೇಲಿಯಾದ ಭಾಗ ಬಹುಕಾಲ ವೆಸ್ಟ್‌ನ ಅಧೀನ. ಪಟ್ಟಕ್ಕಾಗಿ ಸೆಣಸುವ ಆಸೆಯಿದ್ದ ಸಿಡ್ನಿಯ ಯೋಧ ರಕ್ಷಾಕವಚವನ್ನು ಲಗೇಜಿಗೆ ತುಂಬಿಕೊಂಡು ಪೆಸಿಫಿಕ್ ಸಾಗರ ದಾಟಬೇಕಿತ್ತು. 2002ರಲ್ಲಿ ಲೊಕ್ಯಾಕ್ ಕಿಂಗ್‌ಡಮ್ ಆಯಿತು. ಯುರೋಪಿನ ‘ಡ್ರಾಕೆನ್‌ವಾಲ್ಡ್’ ಅದಕ್ಕೂ ಮುಂಚೆ, 1993ರಲ್ಲೇ ಈಸ್ಟ್‌ನಿಂದ ಬಿಡಿಸಿಕೊಂಡಿತ್ತು. ಜರ್ಮನಿಯಲ್ಲಿದ್ದ ಅಮೆರಿಕನ್ ಸೈನಿಕರು ಅಲ್ಲಿ ಈ ಹವ್ಯಾಸದ ಬೀಜ ಬಿತ್ತಿದ್ದರು. ಅಸಲಿ ಕೋಟೆಗಳ ನಾಡಿಗೆ ಕ್ಯಾಲಿಫೋರ್ನಿಯಾದ ಹಿತ್ತಿಲಿನ ಮಧ್ಯಯುಗ ಆಮದಾದದ್ದು ಹೀಗೆ.

ಎಲ್ಲರಿಗೂ ಸಿಂಹಾಸನ ಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ‘ಮಿಸ್ಟ್ಸ್’, ಅದರ ಪಕ್ಕದ ‘ಸೈನಾಗ್ವಾ’ ದಶಕಗಳಿಂದ ವೆಸ್ಟ್‌ನ ಮಾಂಡಲಿಕರಾಗಿಯೇ ಇವೆ. ರಾಜನ ಮನೆ ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರವಿದ್ದರೆ ಬೇರೆ ರಾಜ್ಯದ ಉಸಾಬರಿ ಯಾಕೆ?

2015ರಲ್ಲಿ ಹುಟ್ಟಿದ ‘ಅವಕಾಲ್’ 20ನೇ ಕಿಂಗ್‌ಡಮ್. ಕೆನಡಾದ ಆಲ್ಬರ್ಟಾ, ಸಸ್ಕ್ಯಾಚೆವಾನ್ ಕಡೆಯವರು ಅದನ್ನು ‘ಆನ್ ಟಿರ್’ ರಾಜ್ಯದಿಂದ ಬಿಡಿಸಿ ಕಟ್ಟಿಕೊಂಡರು. ಆ ಆನ್ ಟಿರ್ ಕೂಡ 1982ರವರೆಗೆ ವೆಸ್ಟ್‌ನ ಮಾಂಡಲಿಕವೇ ಆಗಿತ್ತು.