ತೊಂಬತ್ತಾರು ಪಟ್ಟು ಕಿರಿದಾದ ಹಡಗು

ಕಡಲಿಲ್ಲದ ಕೊಡಗಿಗೂ ಹಾಯಿ ಹಡಗಿಗೂ ಎತ್ತಣಿಂದೆತ್ತ ಸಂಬಂಧವೆಂದು ಕೇಳುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಘಟ್ಟದ ಕಾಡುಗಳಲ್ಲಿ ಕಡಿದ, ವ್ಯಾಪಾರಿಗಳು ‘ಪೂನ್’ ಎಂದು ಕರೆಯುತ್ತಿದ್ದ ನೀಳ ಮರಗಳು ಪಶ್ಚಿಮ ಕರಾವಳಿಗೆ ಇಳಿದು, ಹಾಯಿಯನ್ನು ಹೊರುವ ಕೂವೆಮರಗಳಾಗುತ್ತಿದ್ದವು ಎಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ. ಮಡಿಕೇರಿಯ ನನ್ನ ಮೇಜಿನ ಮೇಲೆ ಈಗ ರೂಪುಗೊಳ್ಳುತ್ತಿರುವುದು ‘ಕಟ್ಟಿ ಸಾರ್ಕ್’ ಎಂಬ ಕ್ಲಿಪ್ಪರ್, ಅಂದರೆ ವೇಗಕ್ಕೆಂದೇ ಕಟ್ಟಿದ ಹಾಯಿ ಹಡಗಿನ ಮಾದರಿ. ಅಳತೆ ಮೂಲದ ತೊಂಬತ್ತಾರರಲ್ಲಿ ಒಂದು ಪಾಲು.

ಮೂಲ ಹಡಗು ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ 1869ರ ನವೆಂಬರ್ 22ರಂದು ನೀರಿಗಿಳಿಯಿತು. ಚೀನಾದ ಚಹಾವನ್ನು ಲಂಡನ್ನಿಗೆ ಬೇಗನೆ ತಲುಪಿಸಲೆಂದು ಜಾನ್ ವಿಲ್ಲಿಸ್ ಎಂಬ ಹಡಗು ಮಾಲೀಕ ಅದನ್ನು ಕಟ್ಟಿಸಿದ. ಆದರೆ ಅದಕ್ಕೆ ಐದೇ ದಿನ ಮೊದಲು ಸೂಯೆಜ್ ಕಾಲುವೆ ತೆರೆದಿತ್ತು. ಉಗಿಹಡಗುಗಳಿಗೆ ಹತ್ತಿರದ ದಾರಿ ಸಿಕ್ಕಿ, ಕೆಲವೇ ವರ್ಷಗಳಲ್ಲಿ ಚಹಾದ ಸರಕು ಕೈತಪ್ಪಿದ ಮೇಲೆ, ಈ ಹಡಗು ಆಸ್ಟ್ರೇಲಿಯದ ಉಣ್ಣೆಯನ್ನು ಹೊತ್ತು ಹೆಸರು ಗಳಿಸಿತು. ಇಂದು ಅದು ಲಂಡನ್ನಿನ ಗ್ರೀನಿಚ್‌ನಲ್ಲಿ ಪ್ರದರ್ಶನಕ್ಕಿದೆ. 2007ರ ಬೆಂಕಿಯಲ್ಲಿ ಅದು ಪೂರ್ತಿ ನಾಶವಾಗದೆ ಉಳಿದದ್ದಕ್ಕೆ, ದುರಸ್ತಿಗೆಂದು ಬಹಳಷ್ಟು ಮರವನ್ನು ಆಗಲೇ ಕಳಚಿ ಬೇರೆಡೆ ಇಟ್ಟಿದ್ದದ್ದು ಒಂದು ಮುಖ್ಯ ಕಾರಣ.

ಒಡಲಿನ ಉದ್ದ 212.5 ಅಡಿ, ಅಗಲ 36 ಅಡಿ. ತೊಂಬತ್ತಾರರಿಂದ ಭಾಗಿಸಿದರೆ ಮಾದರಿಯ ಉದ್ದ ಸುಮಾರು 67 ಸೆಂಟಿಮೀಟರ್, ಅಗಲ ಹನ್ನೊಂದೂವರೆ ಸೆಂಟಿಮೀಟರ್. ಸುಮಾರು 18 ಕಿಲೋಮೀಟರ್ ಹಗ್ಗದ ಜಾಗದಲ್ಲಿ 180 ಮೀಟರಿಗೂ ಹೆಚ್ಚು ದಾರ ಬೇಕು. ಇಷ್ಟಕ್ಕೆ ಭಾಗಾಕಾರ ಸಾಕು. ಕಷ್ಟ ಆಮೇಲೆ ತೊಡಗುತ್ತದೆ, ಏಕೆಂದರೆ ಉದ್ದ ಕುಗ್ಗುವ ಪ್ರಮಾಣದಲ್ಲೇ ವಿಸ್ತೀರ್ಣ, ತೂಕ, ಬಿಗಿತಗಳು ಕುಗ್ಗುವುದಿಲ್ಲ. ಮರದ ರಂಧ್ರವಂತೂ ಕುಗ್ಗುವುದೇ ಇಲ್ಲ.

ರಂಧ್ರದ ಮಾತನ್ನೇ ಮೊದಲು ನೋಡೋಣ. ಕಟ್ಟಿ ಸಾರ್ಕ್‌ನ ಒಡಲಿನ ಮೇಲ್ಭಾಗದ ಹಲಗೆಗಳು ತೇಗದವು. ಕೊಡಗಿನಲ್ಲಿ ತೇಗಕ್ಕೆ ಬರವಿಲ್ಲವಾದ್ದರಿಂದ ಅದೇ ಮರವನ್ನು ಬಳಸಿದರೆ ಹೆಚ್ಚು ನಿಷ್ಠೆಯಾಯಿತೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ತೇಗದಲ್ಲಿ ನೀರು ಸಾಗಿಸುವ ನಾಳಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಮಾದರಿಯಲ್ಲಿ 0.3 ಮಿಲಿಮೀಟರ್ ಅಗಲದ ನಾಳವೊಂದು ಮೂಲ ಹಡಗಿನ ಅಳತೆಯಲ್ಲಿ ಸುಮಾರು ಮೂರು ಸೆಂಟಿಮೀಟರಿನ ತೂತಿಗೆ ಸಮ. ಅಂಥ ತೂತುಗಳಿಂದ ತುಂಬಿದ ಹಲಗೆಯನ್ನು ಯಾವ ಹಡಗು ಬಡಗಿಯೂ ಒಪ್ಪುತ್ತಿರಲಿಲ್ಲ. ಆದ್ದರಿಂದ ಮಾದರಿಗೆ ಎಳೆ ತೀರ ನಯವಾಗಿರುವ ಮರವೇ ಬೇಕು. ಯುರೋಪಿನವರು ಬಾಕ್ಸ್‌ವುಡ್, ಪೇರ್ ಮರಗಳನ್ನು ಹುಡುಕುತ್ತಾರೆ; ನಮ್ಮಲ್ಲಿ ಅರಸಿನತೇಗ ಇದೆ, ಅದಕ್ಕಿಂತಲೂ ಸುಲಭವಾಗಿ ಹಳೆಯ ಕಾಫಿ ಗಿಡದ ಕಾಂಡ ಸಿಗುತ್ತದೆ. ತೋಟದವರು ಮರುನಾಟಿಗೆಂದು ಕಿತ್ತು ಸೌದೆಗೆ ಹಾಕುವ ಈ ಕಾಂಡ ಗಟ್ಟಿ, ತಿಳಿಬಣ್ಣದ್ದು, ನಯವಾದದ್ದು. ದೊಡ್ಡ ಹಲಗೆ ಅದರಿಂದ ಬಾರದು. ಎರಡು ಮಿಲಿಮೀಟರ್ ಅಗಲದ ಪಟ್ಟಿಗಳಿಗೆ ದೊಡ್ಡ ಹಲಗೆಯ ಅಗತ್ಯವೂ ಇಲ್ಲ. ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಮಾತ್ರ ಮನೆಗೆ ತರಬಾರದು, ಅದನ್ನು ತೋಟದಲ್ಲೇ ಸುಡುವುದು ಕ್ರಮ.

ಕೊರೆಯುವ ಜೀವಿಗಳ ಕಾಟ ಹಡಗಿಗೂ ಇತ್ತು. ಹಡಗುಹುಳುವೆಂದು ಕರೆಯಲಾಗುವ ಮೃದ್ವಂಗಿಯೊಂದು ಉಪ್ಪುನೀರಿನಲ್ಲಿ ಮರವನ್ನು ಕೊರೆದು ಜರಡಿಯಾಗಿಸುತ್ತದೆ. ಅದನ್ನು ತಡೆಯಲು ನೀರಿನೊಳಗಿನ ಭಾಗಕ್ಕೆ ಲೋಹದ ತಗಡು ಹೊದಿಸುತ್ತಿದ್ದರು. ಕಟ್ಟಿ ಸಾರ್ಕ್‌ಗೆ ಹೊದಿಸಿದ್ದು ನೂರಕ್ಕೆ ಅರವತ್ತು ಪಾಲು ತಾಮ್ರ, ನಲವತ್ತು ಪಾಲು ಸತು ಬೆರೆತ ಮಂಟ್ಸ್ ಲೋಹ. ಕಡಲನೀರಿನಲ್ಲಿ ಅದರ ತಾಮ್ರ ನಿಧಾನವಾಗಿ ಕರಗುತ್ತ ಚಿಪ್ಪುಜೀವಿಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತಿತ್ತು. ಒಡಲು ಪೂರ್ತಿ ಕಬ್ಬಿಣದ್ದಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಉಪ್ಪುನೀರಿನಲ್ಲಿ ತಾಮ್ರಕ್ಕೆ ತಾಗಿದ ಕಬ್ಬಿಣ ಬೇಗನೆ ತುಕ್ಕು ಹಿಡಿದು ಸವೆಯುತ್ತದೆ. ಹಾಗಾಗಿ ಕಬ್ಬಿಣದ ಪಕ್ಕೆಲುಬುಗಳಿಗೆ ಮರದ ಹಲಗೆ, ಅದರ ಮೇಲೆ ತಗಡು ಎಂಬ ಮಿಶ್ರ ಕಟ್ಟಡ ಆ ಕಾಲದ ಕ್ಲಿಪ್ಪರ್‌ಗಳಲ್ಲಿ ನೆಲೆಗೊಂಡಿತು.

ಮಾದರಿಗೆ ತಗಡು ಹೊದಿಸುವಾಗ ಮೊಳೆಗಳ ಪ್ರಶ್ನೆ ಏಳುತ್ತದೆ. ಪ್ರತಿ ತಗಡಿನ ಮೇಲೂ ಮೊಳೆತಲೆಗಳನ್ನು ಉಬ್ಬಿಸಿ ತೋರಿಸುವವರು ಬಹಳ ಜನ. ನಾನು ಇದನ್ನು ಒಪ್ಪುವುದಿಲ್ಲ, ಅದಕ್ಕೆ ಕಾರಣ ಕಣ್ಣಿನ ಲೆಕ್ಕದಲ್ಲಿದೆ. ಅರ್ಧ ಮೀಟರ್ ದೂರದಿಂದ ಈ ಮಾದರಿಯನ್ನು ನೋಡುವುದೆಂದರೆ ನಿಜವಾದ ಹಡಗನ್ನು 48 ಮೀಟರ್ ದೂರದಿಂದ ನೋಡಿದಂತೆ. ಮನುಷ್ಯನ ಕಣ್ಣು ಸುಮಾರು ಒಂದು ಕೋನನಿಮಿಷಕ್ಕಿಂತ, ಅಂದರೆ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲಿಗಿಂತ ಸಣ್ಣ ವಿವರವನ್ನು ಬೇರ್ಪಡಿಸಿ ಗುರುತಿಸಲಾರದು. 48 ಮೀಟರ್ ದೂರದಲ್ಲಿ ಅದು 14 ಮಿಲಿಮೀಟರಿಗೆ ಸಮ. ತಗಡಿನ ಮೊಳೆತಲೆ ಅಲ್ಲಿಂದ ಕಾಣುವ ವಸ್ತುವಲ್ಲ. ತಗಡುಗಳ ಅಂಚು ಒಂದರ ಮೇಲೊಂದು ಕೂರುವ ಸಾಲುಗಳು ಮಾತ್ರ ನೆರಳುಗೆರೆಯಾಗಿ ಕಂಡಾವು. ಕಾಣದ್ದನ್ನು ಕೆತ್ತಿದ ಮಾದರಿ ಆಟಿಕೆಯಂತೆ ತೋರುವುದಕ್ಕೆ ಇದೇ ಕಾರಣ.

ಹಗ್ಗಗಳ ವಿಷಯ ಇನ್ನೂ ಸ್ವಾರಸ್ಯದ್ದು. ಹಡಗಿನಲ್ಲಿ ಸಡಿಲವಾಗಿ ಬಿಟ್ಟ ಹಗ್ಗ ತನ್ನ ಭಾರಕ್ಕೆ ತಾನೇ ಜೋತು ಸುಂದರವಾದ ಬಾಗು ತಾಳುತ್ತದೆ. ಮಾದರಿಯ ದಾರ ಹಾಗೆ ಜೋಲುವುದಿಲ್ಲ, ಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತದೆ. ದಾರದ ಒಂದು ಗೇಣಿನ ತೂಕ ಅದರ ವ್ಯಾಸದ ವರ್ಗಕ್ಕೆ ಅನುಗುಣ, ಬಾಗದೆ ಎದುರೊಡ್ಡುವ ಬಿಗಿತ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ. ಇದರ ಜೊತೆಗೆ ಜೋಲುವ ಉದ್ದವೂ ಕಿರಿದಾದಾಗ, ವಸ್ತು ಒಂದೇ ಆಗಿದ್ದರೆ, ಮಾದರಿಯಲ್ಲಿ ಉದ್ದಕ್ಕೆ ಹೋಲಿಸಿದ ಜೋಲು ತೊಂಬತ್ತಾರನೆಯ ಒಂದು ಪಾಲಿಗೆ ಇಳಿಯುತ್ತದೆಂದು ಲೆಕ್ಕ ಹೇಳುತ್ತದೆ. ಗುರುತ್ವವನ್ನು ತೊಂಬತ್ತಾರು ಪಟ್ಟು ಏರಿಸುವುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ದಾರಕ್ಕೆ ತೆಳುವಾದ ಅಂಟಿನ ನೀರು ಸವರಿ, ಸಣ್ಣ ಭಾರ ಕಟ್ಟಿ, ಬೇಕಾದ ಬಾಗಿನಲ್ಲೇ ಒಣಗಲು ಬಿಡಬೇಕು.

ಹಾಯಿಗೂ ಇದೇ ಗತಿ. ಮೂಲದ 32,000 ಚದರ ಅಡಿ ಹಾಯಿಬಟ್ಟೆ ಇಲ್ಲಿ ಒಂದು ಚದರ ಮೀಟರಿನ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಆದರೆ ಒಂದು ಮಿಲಿಮೀಟರ್ ದಪ್ಪದ ಹಾಯಿಬಟ್ಟೆಯನ್ನು ತೋರಿಸಲು ನೂರನೆಯ ಒಂದು ಮಿಲಿಮೀಟರ್ ದಪ್ಪದ ಬಟ್ಟೆ ಎಲ್ಲಿಂದ ತರುವುದು? ನವಿರಾದ ಮಲ್ ಬಟ್ಟೆಯೂ ಇದಕ್ಕೆ ತೀರ ದಪ್ಪ. ತೆಳುಕಾಗದ ಬಳಸಬಹುದು, ಇಲ್ಲವೇ ಹಾಯಿಗಳೇ ಇಲ್ಲದೆ ಬರಿಯ ಕೂವೆಮರಗಳನ್ನು ನಿಲ್ಲಿಸಬಹುದು. ನನಗೆ ಒಪ್ಪಿಗೆಯಾಗಿರುವುದು ಎರಡನೆಯದು.

ಹಾರಂಗಿಯ ಹಿನ್ನೀರಿನಲ್ಲಿ ಇದನ್ನು ತೇಲಿಸಬಹುದೇ ಎಂದು ಮಕ್ಕಳು ಕೇಳುವುದುಂಟು. ತೇಲುತ್ತದೆ. ತುಂಬಿದ ಹಡಗು ಸ್ಥಾನಪಲ್ಲಟಗೊಳಿಸುತ್ತಿದ್ದ ಸುಮಾರು 2,100 ಟನ್ ನೀರಿನ ಲೆಕ್ಕದಲ್ಲಿ ಮಾದರಿ 2.4 ಕಿಲೋ ತೂಗಿದರೆ ಸರಿಯಾದ ಗೆರೆಯವರೆಗೆ ಮುಳುಗುತ್ತದೆ. ಆದರೆ ಹಾಯಿ ಕಟ್ಟಿದರೆ ಸಣ್ಣ ಗಾಳಿಗೂ ಮಗುಚುತ್ತದೆ. ಗಾಳಿ ಬೀಳಿಸುವ ಬಲದ ಪರಿಣಾಮ ಉದ್ದದ ಘನಕ್ಕೆ ತಕ್ಕಂತೆ ಇಳಿದರೆ, ಎತ್ತಿ ನಿಲ್ಲಿಸುವ ತೂಕದ ಪರಿಣಾಮ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವೇಗದ ಅಳತೆ ಬೇರೆಯೇ. ಅಲೆಗಳನ್ನು ಎಬ್ಬಿಸುತ್ತ ಸಾಗುವ ಒಡಲುಗಳ ವೇಗವನ್ನು ಉದ್ದದ ವರ್ಗಮೂಲದ ಪ್ರಮಾಣದಲ್ಲಿ ಹೋಲಿಸಬೇಕೆಂದು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ ತೋರಿಸಿಕೊಟ್ಟರು. 1870ರ ದಶಕದ ಆರಂಭದಲ್ಲಿ ಅಲ್ಲಿನ ಟಾರ್ಕೀ ಪಟ್ಟಣದಲ್ಲಿ ನೀರಿನ ತೊಟ್ಟಿ ಕಟ್ಟಿಸಿ ಮಾದರಿಗಳನ್ನು ಎಳೆದು ಪರೀಕ್ಷಿಸಿದವರು ಅವರು. ಆ ನಿಯಮದಂತೆ ಮೂಲದ 17 ನಾಟ್ (ಗಂಟೆಗೆ ಸುಮಾರು 31 ಕಿಲೋಮೀಟರ್) ವೇಗಕ್ಕೆ ನಮ್ಮ ಮಾದರಿಯ ಸರಿಸಮ ವೇಗ ಗಂಟೆಗೆ ಸುಮಾರು 3.2 ಕಿಲೋಮೀಟರ್, ಅಂದರೆ ನಿಧಾನ ನಡಿಗೆ.

ಇಲ್ಲಿನ ಮಳೆಗಾಲ ಮಾದರಿಗೆ ಒಡ್ಡುವ ಪರೀಕ್ಷೆ ಮಾತ್ರ ತೊಟ್ಟಿಯ ಪರೀಕ್ಷೆಗಿಂತ ಕಠಿಣ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಬೇಸಿಗೆಯಲ್ಲಿ ತನ್ನ ಒಣತೂಕದ ಹತ್ತರಲ್ಲೊಂದು ಪಾಲು ತೇವ ಹಿಡಿದಿದ್ದ ಮರ ಆಟಿ ತಿಂಗಳಲ್ಲಿ ಐದರಲ್ಲೊಂದು ಪಾಲನ್ನು ಹೀರಿರುತ್ತದೆ. ಎಳೆಯ ಉದ್ದಕ್ಕೆ ಮರ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ; ಅಡ್ಡಕ್ಕೆ ಹಿಗ್ಗುತ್ತದೆ. ಇಡೀ ಒಡಲನ್ನು ಒಂದೇ ದಿಮ್ಮಿಯಿಂದ ಕೆತ್ತಿದರೆ ಅಗಲದಲ್ಲಿ ಎರಡರಿಂದ ಮೂರು ಮಿಲಿಮೀಟರ್ ವ್ಯತ್ಯಾಸ ಬರಬಹುದು, ಹಡಗಿನ ಲೆಕ್ಕದಲ್ಲಿ ಅದು ಕಾಲು ಮೀಟರ್. ಪದರಗಳ ಎಳೆ ಅಡ್ಡ ಉದ್ದ ಕೂಡಿದ ಪ್ಲೈವುಡ್ಡಿನ ಪಕ್ಕೆಗಳಿಗೆ ತೆಳು ಪಟ್ಟಿಗಳನ್ನು ಅಂಟಿಸುವ ವಿಧಾನ ಈ ಕಾರಣಕ್ಕೇ ಇಲ್ಲಿಗೆ ಒಗ್ಗುತ್ತದೆ. ಹತ್ತಿಯ ದಾರ ತೇವ ಹೀರಿದಾಗ ಎಳೆಗಳು ದಪ್ಪವಾಗಿ, ಹೊಸೆದ ದಾರ ಉದ್ದದಲ್ಲಿ ಗಿಡ್ಡವಾಗಿ, ಕೂವೆಮರದ ತುದಿಯನ್ನು ಬಾಗಿಸುತ್ತದೆ. ಹಡಗಿನಲ್ಲಾದರೆ ನಾವಿಕರು ಸಡಿಲಿಸುತ್ತಿದ್ದರು. ಗಂಟಿಗೆ ಅಂಟು ಬಿದ್ದ ಮಾದರಿಯಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಪಾಲಿಯೆಸ್ಟರ್ ದಾರವೇ ಲೇಸು.

ಬೂಷ್ಟಿನ ಭಯಕ್ಕೆ ಗಾಜಿನ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚುವವರಿದ್ದಾರೆ. ಆಗ ಮರದಿಂದಲೂ ಕೆಲವು ಅಂಟುಗಳಿಂದಲೂ ಹೊರಡುವ ಅಸಿಟಿಕ್ ಆಮ್ಲದ ಆವಿ ಒಳಗೇ ಉಳಿದು, ಸೀಸದ ಲಂಗರು ಮತ್ತು ರಾಟೆಗಳನ್ನು ಬಿಳಿ ಪುಡಿಯಾಗಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಮಾದರಿಗಳಿಗೆ ಹಿಡಿಯುವ ಪರಿಚಿತ ರೋಗವಿದು. ಪೆಟ್ಟಿಗೆಯ ತಳದಲ್ಲಿ ನಯವಾದ ಜಾಲರಿ ಹೊದಿಸಿದ ನಾಲ್ಕು ತೂತು, ಕೆಳಗೊಂದು ಸೆಳೆಖಾನೆಯಲ್ಲಿ ತೇವ ಹೀರಲೆಂದು ಆಗಾಗ ಬಿಸಿ ಮಾಡಿ ಒಣಗಿಸಿಡುವ ಸಿಲಿಕಾ ಜೆಲ್ ಹರಳು, ಸೀಸದ ಬದಲು ಹಿತ್ತಾಳೆಯ ಲಂಗರು, ಇವಿಷ್ಟನ್ನು ಜೂನ್ ಹಿಡಿಯುವ ಮೊದಲೇ ಮಾಡಿಟ್ಟುಕೊಳ್ಳಬೇಕು.