“ಯಾವಾಗ ಬರತದ್ರಿ ಅದು?”: ಎಐ ಕುರಿತ ಅರವತ್ತು ವರ್ಷದ ವಾದ

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಆರಕ್ಕೆಲ್ಲ ಲೈಬ್ರರಿಗಳ ಶಟರ್ ಮೇಲೇಳುತ್ತವೆ. ಲೈಬ್ರರಿ ಅಂದರೆ ಇಲ್ಲಿ ಪುಸ್ತಕದ ಕಪಾಟಲ್ಲ. ತಿಂಗಳಿಗಿಷ್ಟು ಅಂತ ಕೊಟ್ಟು ಹಿಡಿದ ಒಂದು ಕುರ್ಚಿ, ಎರಡು ಮೊಳದ ಟೇಬಲ್ಲು, ಮೊಬೈಲ್ ಚಾರ್ಜಿಗೊಂದು ಪ್ಲಗ್ಗು. ಹಾವೇರಿ, ಗದಗ, ಕೊಪ್ಪಳ, ವಿಜಯಪುರದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಅಂತ ಪೊಲೀಸ್, ಸರ್ಕಾರಿ ಗುಮಾಸ್ತಿಕೆಯ ಪರೀಕ್ಷೆಗಳಿಗೆ ಓದುತ್ತ ವರ್ಷಗಟ್ಟಲೆ ಅಲ್ಲಿ ಕೂರುತ್ತಾರೆ. ಚಹಾ ಅಂಗಡಿ ಮುಂದೆ ನಾಲ್ಕನೇ ವರ್ಷದ ತಯಾರಿಯಲ್ಲಿರುವ ಒಬ್ಬ ಕೇಳಿದ: “ಸರ, ನಾ ಎಸ್‌ಡಿಎ ಪಾಸಾಗೂದ್ರೊಳಗ ಆ ಕೆಲಸಾ ಎಐನ ಮಾಡಾಕ ಹತ್ತಿರತದೇನ್ರಿ? ಯಾವಾಗ ಬರತದ್ರಿ ಅದು? ಒಂದ ತಾರೀಖ ಹೇಳ್ರಿ.”

ಈ ತಾರೀಖಿನ ಪ್ರಶ್ನೆಗೆ ಅರವತ್ತು ವರ್ಷ ದಾಟಿದೆ. ಎರಡನೇ ಮಹಾಯುದ್ಧದಲ್ಲಿ ಅಲನ್ ಟ್ಯೂರಿಂಗ್ ಜೊತೆ ಶತ್ರುವಿನ ಗೂಢಲಿಪಿ ಬಿಡಿಸುವ ಕೆಲಸ ಮಾಡಿದ ಗಣಿತಜ್ಞ ಐ. ಜೆ. ಗುಡ್ 1965ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಮನುಷ್ಯನನ್ನು ಎಲ್ಲ ಬೌದ್ಧಿಕ ಕೆಲಸದಲ್ಲೂ ಮೀರಿಸುವ ಯಂತ್ರ ಒಮ್ಮೆ ಹುಟ್ಟಿದರೆ, ಅದು ತನಗಿಂತ ಚುರುಕಾದ ಇನ್ನೊಂದು ಯಂತ್ರವನ್ನು ಕಟ್ಟಬಲ್ಲದು; ಆಮೇಲೆ ಮನುಷ್ಯ ಕಂಡುಹಿಡಿಯಬೇಕಾದ್ದು ಏನೂ ಉಳಿಯುವುದಿಲ್ಲ ಎಂಬುದು ಅವನ ತರ್ಕ. ಅದರ ಜೊತೆ ಒಂದು ಷರತ್ತನ್ನೂ ಇಟ್ಟಿದ್ದ: ತನ್ನನ್ನು ಹತೋಟಿಯಲ್ಲಿಡುವುದು ಹೇಗೆಂದು ನಮಗೆ ಹೇಳಿಕೊಡುವಷ್ಟು ಆ ಯಂತ್ರ ವಿಧೇಯವಾಗಿರಬೇಕು. ಇಪ್ಪತ್ತನೇ ಶತಮಾನ ಮುಗಿಯುವುದರೊಳಗೆ ಅಂಥ ಯಂತ್ರ ಬರುವ ಸಂಭವವೇ ಹೆಚ್ಚು ಅಂತಲೂ ಬರೆದ. ಅದೇ ವರ್ಷ ಎಐ ಸಂಶೋಧನೆಯ ಮೊದಲಿಗರಲ್ಲೊಬ್ಬನಾದ ಹರ್ಬರ್ಟ್ ಸೈಮನ್, ಇಪ್ಪತ್ತು ವರ್ಷದಲ್ಲಿ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡಬಲ್ಲದು ಎಂದ. ಇಬ್ಬರ ತಾರೀಖೂ ಸುಳ್ಳಾಯಿತು. ಆದರೆ ಗುಡ್ ಇಟ್ಟ ಷರತ್ತು ಇವತ್ತಿಗೂ ಹಾಗೇ ನಿಂತಿದೆ.

1993ರಲ್ಲಿ ಗಣಿತದ ಮೇಷ್ಟ್ರೂ ಕಥೆಗಾರರೂ ಆಗಿದ್ದ ವರ್ನರ್ ವಿಂಜ್, ಮನುಷ್ಯನನ್ನು ಮೀರಿದ ಬುದ್ಧಿ 2005ಕ್ಕಿಂತ ಮೊದಲೋ 2030ರ ನಂತರವೋ ಬಂದರೆ ತನಗೆ ಆಶ್ಚರ್ಯವಾದೀತು ಎಂದರು. ಕಾಲೇಜು ಮೆಟ್ಟಿಲು ಹತ್ತದ ಎಲೀಜರ್ ಯುಡ್ಕೋವ್‌ಸ್ಕಿ ಎಂಬ ತರುಣ 2000ದಲ್ಲಿ ಅಮೆರಿಕದಲ್ಲಿ ಒಂದು ಸಂಸ್ಥೆಯನ್ನೇ ಹುಟ್ಟುಹಾಕಿದ. ಅವನ ಮೊದಲ ಆಸೆ ಅಂಥ ಯಂತ್ರವನ್ನು ಬೇಗ ತರುವುದು. ಕೆಲವೇ ವರ್ಷದಲ್ಲಿ ಮನಸ್ಸು ತಿರುಗಿತು: ಹತೋಟಿಯ ವಿದ್ಯೆ ಕಲಿಯದೆ ಇದನ್ನು ಕಟ್ಟಿದರೆ ಮನುಷ್ಯಕುಲಕ್ಕೇ ಉಳಿಗಾಲವಿಲ್ಲ ಅಂದುಕೊಂಡ. ತನ್ನ ನಂಬಿಕೆಯನ್ನು ತಾನೇ ಹೀಗೆ ಬುಡಮೇಲು ಮಾಡಿಕೊಂಡದ್ದನ್ನು ನಾನು ಅವನ ದೊಡ್ಡ ಗುಣ ಅಂತಲೇ ಎಣಿಸುತ್ತೇನೆ.

ಅವನ ಸುತ್ತ ಕೂಡಿದವರನ್ನು ಇಂಗ್ಲಿಷಿನಲ್ಲಿ ‘ರ‍್ಯಾಷನಲಿಸ್ಟ್’ ಅನ್ನುತ್ತಾರೆ. ಕನ್ನಡದಲ್ಲಿ ವಿಚಾರವಾದಿ ಅಂದಕೂಡಲೇ ಮೂಢನಂಬಿಕೆಯ ವಿರುದ್ಧ ನಿಂತ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಇವರು ಹಿಡಿದದ್ದು ಬೇರೆ ದಾರಿ. ತಮ್ಮದೇ ತಲೆ ಎಲ್ಲೆಲ್ಲಿ ಎಡವುತ್ತದೆ ಅಂತ ಹುಡುಕುವುದು, ಯಾವ ನಂಬಿಕೆಗೂ ನೂರಕ್ಕೆ ಇಷ್ಟು ಅಂತ ಅಂಕಿ ಕೊಡುವುದು, ಹೊಸ ಸಾಕ್ಷಿ ಬಂದಾಗ ಆ ಅಂಕಿ ತಿದ್ದುವುದು ಇವರ ಸಾಧನೆ. ಅದಕ್ಕೆ ಆಧಾರ 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್‌ನ ಗಣಿತ.

ಒಳಗೇ ಜಗಳ ಶುರುವಾಯಿತು. 2008ರಲ್ಲಿ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ ಮತ್ತು ಯುಡ್ಕೋವ್‌ಸ್ಕಿ ಉದ್ದುದ್ದ ವಾದಕ್ಕಿಳಿದರು. ಒಂದೇ ಯಂತ್ರ ವಾರದೊಪ್ಪತ್ತಿನಲ್ಲಿ ಭುಗಿಲೆದ್ದು ಜಗತ್ತನ್ನು ಮೀರಬಹುದು ಅಂತ ಯುಡ್ಕೋವ್‌ಸ್ಕಿಯ ವಾದ. ಹಾಗಾಗುವುದಿಲ್ಲ, ಬದಲಾವಣೆ ಇಡೀ ಮಾರುಕಟ್ಟೆಯಲ್ಲಿ ಸಾವಿರ ಕೈಗಳ ಮೂಲಕ ಹರಡುತ್ತದೆ ಅಂತ ಹ್ಯಾನ್ಸನ್ ಅವರದು.

ಗುಡ್‌ನ ಷರತ್ತಿಗೆ ಮನಸ್ಸಿಗೆ ನಾಟುವ ಚಿತ್ರ ಕೊಟ್ಟವರು ತತ್ತ್ವಶಾಸ್ತ್ರಜ್ಞ ನಿಕ್ ಬಾಸ್ಟ್ರಮ್. ಕಾಗದದ ಕ್ಲಿಪ್ಪು ಹೆಚ್ಚೆಚ್ಚು ಮಾಡು ಅಂತ ಯಂತ್ರಕ್ಕೆ ಹೇಳಿದರೆ ಅದು ಭೂಮಿಯನ್ನೇ ಕ್ಲಿಪ್ಪಾಗಿಸಿಬಿಟ್ಟರೆ ಏನು ಗತಿ ಎಂದು 2003ರಲ್ಲಿ ಬರೆದರು. ನನಗೆ ಅದು ಅರ್ಥವಾದದ್ದು ಗದಗದ ಒಂದು ಡಿಟಿಪಿ ಅಂಗಡಿಯಲ್ಲಿ. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಮೊಮ್ಮಗಳ ಲಗ್ನಪತ್ರಿಕೆ ಮಾಡಿಸುತ್ತಿದ್ದರು. ಹೆಸರುಗಳ ಪಟ್ಟಿ ಉದ್ದ. ಅಂಗಡಿಯ ಹುಡುಗ ಬರಹವನ್ನು ಎಐಗೆ ಕೊಟ್ಟು, ಒಂದೇ ಪುಟಕ್ಕೆ ಹೊಂದಿಸು ಅಂದ. ಚೆಂದಾಗಿ ಹೊಂದಿಸಿತು. ಹಿರಿಯರು ಕನ್ನಡಕ ಏರಿಸಿ, ಬೆರಳಿಟ್ಟು ಸಾಲು ಸಾಲು ಓದುತ್ತ ಬಂದು ತಟ್ಟನೆ ನಿಂತರು. “ಯಪ್ಪಾ, ಸೋದರಮಾವಂದಿರು ಎಲ್ಲಿ ಹೋದ್ರೋ?” ಮೂವರ ಹೆಸರೂ ಇರಲಿಲ್ಲ. ಯಂತ್ರ ಹೇಳಿದ್ದನ್ನೇ ಮಾಡಿತ್ತು. ಸೋದರಮಾವನ ಹೆಸರಿಲ್ಲದ ಪತ್ರಿಕೆ ಹೊರಬಿದ್ದರೆ ಮದುವೆಯೇ ಮುರಿದೀತು ಅನ್ನುವುದು ಯಾರೂ ಹೇಳದೆಯೇ ಗೊತ್ತಿರಬೇಕಾದ ಮಾತು. ಹೇಳದೆ ಬಿಟ್ಟದ್ದನ್ನು ಯಂತ್ರಕ್ಕೆ ಹೇಗೆ ತಿಳಿಸುವುದು ಎಂಬುದೇ ಆ ಪಂಡಿತರು ಎರಡು ದಶಕದಿಂದ ತಲೆ ಕೆಡಿಸಿಕೊಂಡ ಸಮಸ್ಯೆ. ಲಗ್ನಪತ್ರಿಕೆಯನ್ನು ಬೆರಳಿಟ್ಟು ಓದುವ ಹಿರಿಯರು ಇದ್ದರು. ವಿದ್ಯುತ್ ಜಾಲವನ್ನೋ ಬ್ಯಾಂಕನ್ನೋ ಯಂತ್ರದ ಕೈಗೆ ಕೊಟ್ಟಾಗ ಬೆರಳಿಟ್ಟು ಓದುವವರು ಯಾರು?

ಬಹಳ ಕಾಲ ಇದು ಕೆಲವರ ಹುಚ್ಚು ಅನ್ನಿಸಿಕೊಂಡಿತ್ತು. 2016ರ ಮಾರ್ಚಿನಲ್ಲಿ ಆಲ್ಫಾಗೋ ಎಂಬ ಎಐ ಪ್ರೋಗ್ರಾಮು, ಕಪ್ಪು-ಬಿಳಿ ಕಾಯಿಗಳಲ್ಲಿ ಆಡುವ ಗೋ ಆಟದ ದಿಗ್ಗಜ ಲೀ ಸೆಡಾಲ್‌ರನ್ನು 4-1ರಿಂದ ಸೋಲಿಸಿತು. ಅದಕ್ಕಿನ್ನೂ ಹತ್ತು ವರ್ಷ ಬೇಕು ಅಂದುಕೊಂಡಿದ್ದ ತಜ್ಞರು ಬೆರಗಾದರು. ತಡವಾಗುತ್ತದೆ ಅಂದವರ ತಾರೀಖೂ ತಪ್ಪುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಅದೇ ವರ್ಷ ಎಐ ವಿಜ್ಞಾನಿ ಜೆಫ್ರಿ ಹಿಂಟನ್, ಎಕ್ಸ್‌ರೇ, ಸ್ಕ್ಯಾನ್ ಓದುವ ವೈದ್ಯರಾದ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಇಂದೇ ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಅಂದರು. ಹತ್ತಿರ ಹತ್ತು ವರ್ಷವಾದರೂ ರೇಡಿಯಾಲಜಿಸ್ಟ್‌ಗಳ ಕೊರತೆಯೇ ಇದೆ. ಆ ಮಾತು ನಂಬಿ ಬೇರೆ ವಿಷಯ ಹಿಡಿದ ವೈದ್ಯ ವಿದ್ಯಾರ್ಥಿ ಯಾವನಾದರೂ ಇದ್ದರೆ ಅವನಿಗೆ ಏನು ಹೇಳೋಣ?

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು, ವಾದ ಬೀದಿಗೆ ಬಂತು. 2023ರ ಮಾರ್ಚಿನಲ್ಲಿ, ಇನ್ನೂ ದೊಡ್ಡ ಎಐ ಕಟ್ಟುವುದಕ್ಕೆ ಆರು ತಿಂಗಳು ವಿರಾಮ ಕೊಡಿ ಅಂತ ಬಹಿರಂಗ ಪತ್ರ. ಮೇ ತಿಂಗಳಲ್ಲಿ, ಎಐನಿಂದ ಮನುಷ್ಯ ಅಳಿಯುವ ಅಪಾಯವನ್ನು ಅಣುಯುದ್ಧ, ಮಹಾಮಾರಿಗಳ ಸಾಲಿನಲ್ಲಿಟ್ಟು ನೋಡಿ ಎಂಬ ಒಂದೇ ವಾಕ್ಯದ ಹೇಳಿಕೆ. ಗೂಗಲ್ ಬಿಟ್ಟು ಹೊರಬಂದ ಹಿಂಟನ್ ಸಹಿ ಹಾಕಿದವರಲ್ಲಿ ಒಬ್ಬರು. 2025ರ ಏಪ್ರಿಲ್‌ನಲ್ಲಂತೂ ಎರಡು ಬರಹ ಎದುರುಬದುರಾದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯನ್ನು ಬಿಟ್ಟುಬಂದ ಸಂಶೋಧಕ ಡೇನಿಯಲ್ ಕೊಕೊಟಾಯ್ಲೊ ಮತ್ತು ಸಂಗಡಿಗರು 2027ರ ಸುಮಾರಿಗೆ ಯಂತ್ರ ಮನುಷ್ಯನ ಕೈಮೀರುವ ಚಿತ್ರವನ್ನು ತಿಂಗಳು ತಿಂಗಳಾಗಿ ಬರೆದರು. ವರ್ಷ ಮುಗಿಯುವುದರೊಳಗೆ ಕೊಕೊಟಾಯ್ಲೊ ತಮ್ಮ ಅಂದಾಜನ್ನು ಇನ್ನೂ ಮುಂದಕ್ಕೆ ಸರಿಸಿದರು. ಪ್ರಿನ್ಸ್‌ಟನ್ನಿನ ಕಂಪ್ಯೂಟರ್ ವಿಜ್ಞಾನಿಗಳಾದ ಅರವಿಂದ ನಾರಾಯಣನ್ ಮತ್ತು ಸಯಾಶ್ ಕಪೂರ್ ಮಾತ್ರ, ಇದು ಕರೆಂಟಿನಂಥ ತಂತ್ರಜ್ಞಾನ, ಎಲ್ಲ ಕಡೆ ಹೊಕ್ಕಲು ದಶಕಗಳು ಬೇಕು ಎಂದರು.

ಈ ವಾದ ಮನೆಯೊಳಕ್ಕೂ ಬಂದಿದೆ. ಮುಪ್ಪಿಗೆ ಹಣ ಕೂಡಿಡಬೇಕೋ ಬೇಡವೋ, ಮಕ್ಕಳನ್ನು ಹೆರಬೇಕೋ, ಓದು ಮುಗಿಸಬೇಕೋ ಅಂತ ಅಮೆರಿಕದ ಈ ವಲಯದ ತರುಣರು ಗಂಭೀರವಾಗಿಯೇ ಚರ್ಚಿಸುತ್ತಾರೆ. ಸಪ್ತಾಪುರದ ಹುಡುಗನ ಪ್ರಶ್ನೆಯೂ ಅದೇ. ವ್ಯತ್ಯಾಸ ಇಷ್ಟೇ: ಅವರ ತಾರೀಖು ತಪ್ಪಿದರೆ ಬೇರೆ ಕೆಲಸ ಸಿಗುತ್ತದೆ, ಇವನ ಅಪ್ಪ ಎರಡೆಕರೆ ಹೊಲ ಒತ್ತೆಯಿಟ್ಟಿದ್ದಾನೆ.

ಗದಗವನ್ನು ಮುದ್ರಣ ಕಾಶಿ ಅನ್ನುತ್ತಿದ್ದ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುವುದು ಮರ್ಯಾದೆಯ ಕಸಬಾಗಿತ್ತು. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಖಾನೆಯಿಂದ ಖಾನೆಗೆ. ತಲೆಕೆಳಗಾದ ಅಕ್ಷರವನ್ನು, ಒತ್ತಕ್ಷರ ಸಮೇತ, ಕಣ್ಣಿಗಿಂತ ಮೊದಲು ಬೆರಳೇ ಗುರುತಿಸುತ್ತಿತ್ತು. ಆಫ್‌ಸೆಟ್ಟು, ಡಿಟಿಪಿ ಬಂದಾಗ ಆ ಕಸಬು ಒಂದೇ ದಿನದಲ್ಲಿ ಹೋಗಲಿಲ್ಲ. ಹಳೆಯ ಕೈಗಳನ್ನು ಉಳಿಸಿಕೊಂಡ ಪ್ರೆಸ್ಸಿನಲ್ಲೂ ಕಲಿಯಲು ಹೊಸ ಹುಡುಗನನ್ನು ತೆಗೆದುಕೊಳ್ಳುವುದು ನಿಂತಿತು. ಹೊರಗಿನಿಂದ ನೋಡುವವರಿಗೆ ಎಲ್ಲ ಹಾಗೇ ಇದ್ದಂತೆ ಕಂಡಿತು. ಸರ್ಕಾರಿ ಗುಮಾಸ್ತಿಕೆಗೂ ಹೀಗೇ ಆದೀತು ಅಂತ ನನ್ನ ಭಯ. ಟಪಾಲು, ಟಿಪ್ಪಣಿ, ಕರಡು ಇವನ್ನು ಯಂತ್ರ ಅರ್ಧ ಮಾಡಿಕೊಟ್ಟರೆ, ಕೂತವನನ್ನು ಯಾರೂ ಎಬ್ಬಿಸುವುದಿಲ್ಲ. ಖಾಲಿಯಾದ ಕುರ್ಚಿಗೆ ಅಧಿಸೂಚನೆ ಹೊರಡುವುದಿಲ್ಲ, ಅಷ್ಟೆ. ನೋಡಬೇಕಾದದ್ದು 2027ನ್ನೋ 2030ನ್ನೋ ಅಲ್ಲ, ವರ್ಷಾವರ್ಷ ಕರೆಯುವ ಹುದ್ದೆಗಳ ಸಂಖ್ಯೆಯನ್ನು.

ಹುಡುಗನಿಗೆ ಇಷ್ಟನ್ನೇ ಹೇಳಿದೆ. ತಾರೀಖು ಕೊಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದ: ಐದು ವರ್ಷದೊಳಗೆ ಎಸ್‌ಡಿಎ ಹುದ್ದೆ ಅರ್ಧಕ್ಕೆ ಇಳಿಯುವ ಸಂಭವ, ನೂರಕ್ಕೆ 40. ಕೆಳಗೆ ಅವತ್ತಿನ ದಿನಾಂಕ. ಆಮೇಲೆ 40 ಹೊಡೆದುಹಾಕಿ 30 ಮಾಡಿದ. “ಯುಗಾದಿಗೆ ಮತ್ತ ನೋಡೂಣ್ರಿ,” ಅಂದು ಚಹಾದ ಕಪ್ಪು ಕೆಳಗಿಟ್ಟು ಲೈಬ್ರರಿಯ ಮೆಟ್ಟಿಲು ಹತ್ತಿದ.